ನಾನು ಬಂದೆ, ನೀವು ಹೊರಡಿ

ನನ್ನ ನಾಲಿಗೆ ಚುರುಕು, ಕೈ ಅದಕ್ಕಿಂತ ಚುರುಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೋದ ವರ್ಷ ಆಗಸ್ಟ್ ತಿಂಗಳ ಒಂದು ಗುರುವಾರ ಮಧ್ಯಾಹ್ನ, ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ನಾನು ಒಬ್ಬ ಮನುಷ್ಯನ ಕೆಲಸ ಕಿತ್ತುಕೊಂಡೆ. ಅವರೇ ಬೇಡ ಅಂದರು ಎಂದು ತಿಳಿದು ಕಿತ್ತುಕೊಂಡೆ. ಅವರು ಹಾಗೆ ಅಂದೇ ಇರಲಿಲ್ಲ ಎಂದು ಗೊತ್ತಾಗುವುದಕ್ಕೆ ಹದಿಮೂರು ದಿನ ಬೇಕಾಯಿತು. ಆ ಹದಿಮೂರು ದಿನ ಅವರು ಏನು ಮಾಡುತ್ತಿದ್ದರು ಎಂದು ತಿಳಿದಾಗ ನನ್ನ ಎದೆ ಧಸಕ್ಕೆಂದಿದ್ದು ಇವತ್ತಿಗೂ ಪೂರ್ತಿ ಸರಿಹೋಗಿಲ್ಲ.

ಅವರ ಹೆಸರು ಶಿವಯೋಗಪ್ಪ. ಭದ್ರಾವತಿಯ ಜನ್ನಾಪುರದವರು, ಐವತ್ತೆರಡು ವರ್ಷ. ನಾನು ತನುಜಾ, ಶಿವಮೊಗ್ಗದ ರವೀಂದ್ರನಗರದವಳು. ಪಾರ್ಸೆಲ್ ಕಳಿಸುವ ಕಂಪನಿಗಳಿಗೆ ಜನ ಬರೆದು ಹಾಕುವ ದೂರುಗಳನ್ನು ಓದಿ, ವಿಚಾರಿಸಿ, ಕನ್ನಡದಲ್ಲಿ ಉತ್ತರ ಬರೆಯುವುದು ನಮ್ಮ ಆಫೀಸಿನ ಕೆಲಸ. ತೀರ್ಥಹಳ್ಳಿಗೆ ಹೋಗಬೇಕಾದ ಮಿಕ್ಸಿ ತರೀಕೆರೆಗೆ ಹೋಗಿರುತ್ತದೆ, ಯಾರದೋ ಮದುವೆ ಸೀರೆ ಇನ್ಯಾರದೋ ಮನೆ ಸೇರಿರುತ್ತದೆ. ಆಲ್ಕೊಳ ಸರ್ಕಲ್ಲಿನ ಹತ್ತಿರ ಒಂದು ಕಟ್ಟಡದ ಮೊದಲನೇ ಮಹಡಿಯಲ್ಲಿ ಆಫೀಸಿದೆ. ಇದೆ ಅಂದರೆ, ಬಾಗಿಲಿದೆ, ಬೀಗವಿದೆ. ಕೊರೊನಾ ಬಂದಾಗ ಮನೆ ಸೇರಿದ ಮೂವತ್ತೆರಡು ಜನರಲ್ಲಿ ಯಾರೂ ಸರಿಯಾಗಿ ವಾಪಸ್ ಬರಲಿಲ್ಲ. ಬುಧವಾರ ಒಂದು ದಿನ ನಾಲ್ಕೈದು ಜನ ಹೋಗುತ್ತೇವೆ. ಉಳಿದ ದಿನ ನಾವು ಒಬ್ಬರಿಗೊಬ್ಬರು ಕಂಪ್ಯೂಟರಿನ ಪರದೆಯ ಮೇಲಿನ ಹೆಸರುಗಳು ಅಷ್ಟೇ. ಹೆಸರಿನ ಪಕ್ಕ ಹಸಿರು ಚುಕ್ಕೆ ಇದ್ದರೆ ಮನುಷ್ಯ ಇದ್ದಾನೆ ಎಂದು ಅರ್ಥ. ನನ್ನ ಗಂಡ ಸಾಗರದಲ್ಲಿ ಕೆಲಸದಲ್ಲಿದ್ದಾರೆ, ಬರುವುದು ವಾರಕ್ಕೊಮ್ಮೆ. ಎರಡೆರಡು ದಿನ ಬಾಯಿಬಿಟ್ಟು ಒಂದು ಮಾತಾಡದೆ ನಾನು ಮೇಲ್ವಿಚಾರಕಿಯ ಕೆಲಸ ಮಾಡಿದ್ದುಂಟು.

ಶಿವಯೋಗಪ್ಪನವರು ಮೊದಲು ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮಿಷಿನ್ ನೋಡಿಕೊಂಡಿದ್ದವರು. ಕಾರ್ಖಾನೆ ನಿಂತ ಮೇಲೆ ಮದುವೆ ಕಾರ್ಡು ಮಾಡುವ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಕಲಿತರು. ಲಾಕ್‌ಡೌನ್ ಕಾಲದಲ್ಲಿ ಆಫೀಸಿನ ಲೈನಿನಿಂದ ಫೋನಿನಲ್ಲೇ ಸಂದರ್ಶನ ಮಾಡಿ ನಾನೇ ತೆಗೆದುಕೊಂಡಿದ್ದೆ. ಕಂಪ್ಯೂಟರ್ ಕೊರಿಯರ್‌ನಲ್ಲಿ ಹೋಯಿತು, ಗುರುತಿನ ಚೀಟಿ ಪೋಸ್ಟಿನಲ್ಲಿ ಹೋಯಿತು. ಮೂರು ವರ್ಷದಲ್ಲಿ ನಾನು ಅವರ ಮುಖ ನೋಡಿರಲಿಲ್ಲ. ನೋಡಬೇಕು ಅಂತಲೂ ಅನ್ನಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ ಅವರ ಪಾಳಿ. ದಿನಾ ನಾಲ್ಕಕ್ಕೆ ಸರಿಯಾಗಿ ಆಫೀಸಿನ ಸಿಸ್ಟಂ ಒಳಗಿನ ನಮ್ಮ ಗುಂಪಿನಲ್ಲಿ ಒಂದು ಸಂದೇಶ ಬೀಳುತ್ತಿತ್ತು. 'ಮೊದಲ ಶಿಫ್ಟ್ ಮುಗಿಯಿತು. ಬಾಕಿ ಹದಿನಾಲ್ಕು ದೂರು. ಚಾರ್ಜ್ ತೆಗೆದುಕೊಳ್ಳುವವರು ತಿಳಿಸಿ.' ನಮಗೆಲ್ಲ ನಗು. ಚಾರ್ಜ್ ಅಂತೆ! ಬಾಕಿ ಎಷ್ಟಿದೆ ಎಂದು ಪರದೆಯ ಮೇಲೇ ಕಾಣುತ್ತದಲ್ಲ ಮಾರಾಯ, ಕೊಡುವುದೇನು, ತಗೊಳ್ಳುವುದೇನು! ಮೊದಲ ವಾರ ನಾನೇ ತಮಾಷೆಗೆ 'ತಗೊಂಡೆ ಸರ್, ನೀವು ಹೊರಡಿ' ಎಂದು ಬರೆಯುತ್ತಿದ್ದೆ. ಆಮೇಲೆ ಬೇಜಾರಾಗಿ ಬಿಟ್ಟೆ. ಬೇರೆ ಯಾರೂ ಬರೆಯಲಿಲ್ಲ. ಅವರು ಮಾತ್ರ ಬರೆಯುವುದನ್ನು ನಿಲ್ಲಿಸಲಿಲ್ಲ.

ಆ ಆಗಸ್ಟಿನಲ್ಲಿ ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು. ಎರಡು ತಿಂಗಳಲ್ಲಿ ಆರು ಜನ ಹೇಳದೆ ಕೇಳದೆ ಬಿಟ್ಟು ಹೋಗಿದ್ದರು. ಹೆಡ್ ಆಫೀಸಿನ ಯೋಗರಾಜ್ ಸಾಹೇಬರು ಫೋನ್ ಮಾಡಿ, "ನಿಮ್ಮ ಟೀಮಲ್ಲಿ ನಿಯತ್ತು ಅನ್ನೋದೇ ಇಲ್ವಲ್ರೀ" ಎಂದು ಉಗಿದಿದ್ದರು. ಉಗಿದು ಸುಮ್ಮನಾಗದೆ ಎಲ್ಲರಿಗೂ ಒಂದು ಪ್ರಶ್ನೆಪಟ್ಟಿ ಕಳಿಸಿದರು. ಕಂಪನಿಯ ಮೇಲೆ ನಿಮಗೆಷ್ಟು ನಿಷ್ಠೆ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ, ಇಂಥವು. ಹೆಸರು ಗುಟ್ಟಾಗಿರುತ್ತದೆ ಎಂದು ಮೇಲೆ ಬರೆದಿತ್ತು. ಗುಟ್ಟೇನೂ ಇರಲಿಲ್ಲ, ನನಗೆಲ್ಲ ಕಾಣುತ್ತಿತ್ತು. ಹತ್ತಕ್ಕೆ ಹತ್ತು ಕೊಟ್ಟವರು ಶಿವಯೋಗಪ್ಪ ಒಬ್ಬರೇ. ಸದ್ಯ ಇವರೊಬ್ಬರಾದರೂ ಇದ್ದಾರಲ್ಲ ಎಂದುಕೊಂಡೆ. ಅಂಕದ ಕೆಳಗೆ ಅವರು ಏನೋ ಒಂದು ಸಾಲು ಬರೆದಿದ್ದರು. ಓದಲು ಪುರಸೊತ್ತಾಗಲಿಲ್ಲ.

ಅದಾಗಿ ಮೂರನೇ ದಿನವೇ ಆ ಗುರುವಾರ. ಹನ್ನೆರಡು ಐವತ್ತಕ್ಕೆ ಗುಂಪಿನಲ್ಲಿ ಶಿವಯೋಗಪ್ಪನವರ ಸಂದೇಶ. 'ಮೇಡಂ, ದಯವಿಟ್ಟು ನನ್ನನ್ನು ಕೂಡಲೇ ರಿಲೀವ್ ಮಾಡಿ. ಮನೆ ಕಡೆ ತೊಂದರೆ.'

ನಾನು ಅನ್ನ ಕಲಸುತ್ತಿದ್ದೆ. ಓದಿ ಮೈಯೆಲ್ಲ ಉರಿದುಹೋಯಿತು. ಹತ್ತಕ್ಕೆ ಹತ್ತು ಕೊಟ್ಟು ಮೂರು ದಿನ ಆಗಿಲ್ಲ, ಇವನೂ ಹೊರಟನಾ! ಬಿಟ್ಟು ಹೋದ ಆರೂ ಜನ ಬರೆದಿದ್ದು ಇದನ್ನೇ. ಮನೆ ಕಡೆ ತೊಂದರೆ, ಬೇಗ ರಿಲೀವ್ ಮಾಡಿ, ರಿಲೀವಿಂಗ್ ಲೆಟರ್ ಕೊಡಿ. ಬೇಕಂತಲೇ ಉತ್ತರ ಕೊಡದೆ ಕಾಯಿಸಿದೆ. ಒಂದೂ ಕಾಲಿಗೆ ಮತ್ತೊಮ್ಮೆ ಬಂತು. 'ಮೇಡಂ, ಸ್ವಲ್ಪ ಬೇಗ.' ಗುಂಪಿನಲ್ಲಿ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಪ್ರಕಾಶ್ ಎನ್ನುವ ಹುಡುಗ 'ಆಲ್ ದ ಬೆಸ್ಟ್ ಸರ್' ಎಂದು ಬರೆದ. ಒಂದೂ ನಲವತ್ತಕ್ಕೆ ನನ್ನ ಸಿಟ್ಟು ನೆತ್ತಿಗೇರಿ, 'ರಿಲೀವ್ ಮಾಡಿದ್ದೇನೆ. ಹೋಗಬಹುದು' ಎಂದು ಬರೆದೆ. ಹೋಗುವವರ ಲಾಗಿನ್ ಅದೇ ದಿನ ಮುಚ್ಚಬೇಕೆನ್ನುವುದು ನಮ್ಮಲ್ಲಿ ನಿಯಮ. ಒಂದು ಗುಂಡಿ ಒತ್ತಿದರೆ ಸಾಕು, ಲಾಗಿನ್ ಮುಚ್ಚುತ್ತದೆ, ರಿಲೀವಿಂಗ್ ಪತ್ರ ತಾನಾಗಿಯೇ ಅವರ ಮೇಲ್‌ಗೆ ಹೋಗುತ್ತದೆ. ಒತ್ತಿದೆ.

ಲಾಗಿನ್ ಪೂರ್ತಿ ಮುಚ್ಚಿಕೊಳ್ಳುವ ಮುಂಚೆ ಅವರ ಉತ್ತರ ಬಂತು. 'ತುಂಬಾ ಉಪಕಾರವಾಯಿತು ಮೇಡಂ.'

ಉಪಕಾರವಂತೆ! ಥತ್, ಎಂದುಕೊಂಡು ಆರಿದ ಅನ್ನ ಉಂಡೆ. ಯಾಕೆ ಬಿಡುತ್ತೀರಿ ಎಂದು ಒಂದು ಫೋನ್ ಮಾಡಲಿಲ್ಲ.

ಮುಂದಿನ ಬುಧವಾರ ನೆಗಡಿ ಎಂದು ನಾನು ಆಫೀಸಿಗೆ ಹೋಗಲಿಲ್ಲ. ನಾನು ಹೋಗದಿದ್ದರೆ ಬೀಗದ ಕೈ ಹೋಗುವುದಿಲ್ಲ, ಹಾಗಾಗಿ ಯಾರೂ ಹೋಗಲಿಲ್ಲ. ಅದರ ಮುಂದಿನ ಬುಧವಾರ ಹತ್ತು ಗಂಟೆಗೆ ಹೋದೆ. ಕಟ್ಟಡದ ಕಾವಲುಗಾರ ಗಣಪಯ್ಯ, ಆಯನೂರು ಕಡೆಯವರು, ಕುರ್ಚಿಯಿಂದ ಎದ್ದು ಬಂದರು. ಮುಖ ಗಂಟಿಕ್ಕಿತ್ತು.

"ಏನ್ ಮೇಡಂ, ನಿಮ್ಮ ಆಫೀಸ್ನೋರು ಮನುಷ್ಯರೋ ಅಲ್ವೋ? ಆ ಯಜಮಾನ್ರು ದಿನಾ ಬಂದು ಮೆಟ್ಲ ಮೇಲೆ ಕೂತು ಹೋಗ್ತಾರೆ. ಕೇಳೋರೇ ಇಲ್ಲ!"

"ಯಾವ ಯಜಮಾನ್ರು?"

ಗಣಪಯ್ಯ ಒಳಗಿನಿಂದ ಪುಸ್ತಕ ತಂದು ಕೈಗಿಟ್ಟರು. ಕಟ್ಟಡಕ್ಕೆ ಬಂದು ಹೋಗುವವರು ಹೆಸರು ಬರೆಯುವ ಪುಸ್ತಕ. ಸೋಮವಾರ: ಶಿವಯೋಗಪ್ಪ, ಭದ್ರಾವತಿ, ಒಳಗೆ ಎಂಟು ಗಂಟೆ, ಹೊರಗೆ ನಾಲ್ಕು ಗಂಟೆ, ಸಹಿ. ಮಂಗಳವಾರ, ಅದೇ. ನನಗೆ ನೆಗಡಿಯಾಗಿದ್ದ ಬುಧವಾರ, ಅದೇ. ಗುರುವಾರ, ಶುಕ್ರವಾರ, ಶನಿವಾರ. ಮತ್ತೆ ಸೋಮವಾರ, ಮಂಗಳವಾರ. ಎಂಟು ದಿನ. ಒಂದೇ ಥರದ ದುಂಡು ಅಕ್ಷರ, ಒಂದು ನಿಮಿಷ ಆಚೀಚೆ ಇಲ್ಲ.

"ಸಿಸ್ಟಂ ಕೆಟ್ಟಿದೆ, ಹಾಜರಿ ಕೆಡಬಾರ್ದು, ನಿಮ್ಮ ಪುಸ್ತಕದಲ್ಲೇ ಹಾಕ್ತೀನಿ ಅಂದ್ರು" ಎಂದರು ಗಣಪಯ್ಯ. "ನಿಮ್ಮ ಆಫೀಸ್ ನಂಬರಿಗೆ ಇಲ್ಲೇ ಕೂತು ಫೋನ್ ಮಾಡ್ತಿದ್ರು. ಮೇಲೆ ಬೀಗ ಹಾಕಿದ ರೂಮಲ್ಲಿ ಟ್ರಿಣ್ ಟ್ರಿಣ್ ಅನ್ನೋದು. ಇಬ್ರೂ ಕೇಳಿಸ್ಕೊಂಡು ಕೂತಿರ್ತಿದ್ವಿ. ನಿಮ್ಮ ನಂಬರ್ ಅವ್ರ ಹತ್ರಾನೂ ಇಲ್ಲ, ನನ್ನ ಹತ್ರಾನೂ ಇಲ್ಲ. ಇನ್ನೊಂದು ವಿಷ್ಯ ಮೇಡಂ. ನಾಲ್ಕು ಗಂಟೆಗೆ ನನ್ನ ಕೈಲಿ ಒಂದು ಮಾತು ಹೇಳಿಸ್ಕೊಂಡೇ ಏಳೋರು."

"ಏನ್ ಮಾತು?"

"'ನಾನು ಬಂದೆ, ನೀವು ಹೊರಡಿ' ಅಂತ. ಅದನ್ನ ಹೇಳಿದ್ರೇನೇ ಚೀಲ ಎತ್ಕೊಳ್ಳೋದು. ಮೊದಲ್ನೇ ದಿನ ನಂಗೆ ನಗು ಬಂತು. ಆಮೇಲೆ ಬರ್ಲಿಲ್ಲ."

ಇವತ್ತಿನ ಬುಧವಾರದ ಸಾಲಿನಲ್ಲಿ ಮಾತ್ರ ಸಹಿ ಇರಲಿಲ್ಲ. ಅಲ್ಲೊಂದು ಮಡಚಿದ ಕಾಗದ ಪಿನ್ ಮಾಡಿತ್ತು. ಹಿಂದಿನ ದಿನವೇ ಗಣಪಯ್ಯನ ಕೈಗೆ ಕೊಟ್ಟು ಹೋಗಿದ್ದರಂತೆ. ಬಿಡಿಸಿದೆ. ರಜಾ ಅರ್ಜಿ. ನಾನು ಕೆಲಸದಿಂದ ತೆಗೆದ ಮನುಷ್ಯ ನನಗೇ ಬರೆದ ರಜಾ ಅರ್ಜಿ!

'ಮಾನ್ಯ ತನುಜಾ ಮೇಡಂ ಅವರಿಗೆ, ಶಿವಯೋಗಪ್ಪ ಮಾಡುವ ವಿನಂತಿ. ಶಾಲೆಯ ಬಿಸಿಯೂಟದ ಅಡುಗೆ ಮಾಡುವ ನನ್ನ ಹೆಂಡತಿಯ ಕಾಲ ಮೇಲೆ ಸಾರಿನ ಪಾತ್ರೆ ಮಗುಚಿದ ದಿನ, ನಾನು ಕೇಳಿದ ಕೂಡಲೇ ತಾವು ಶಿಫ್ಟ್ ಮಧ್ಯದಲ್ಲಿ ರಿಲೀವ್ ಮಾಡಿ ಕಳಿಸಿದ ಉಪಕಾರವನ್ನು ಮರೆಯುವುದಿಲ್ಲ. ಮಾರನೇ ದಿನದಿಂದ ಲಾಗಿನ್ ಆಗುತ್ತಿಲ್ಲ. ಹೆಲ್ಪ್‌ಲೈನಿನವರು ಆಫೀಸಿನಲ್ಲಿ ಕೇಳಿ ಎಂದರು. ಆಫೀಸ್ ತೆರೆದಿಲ್ಲದ ಕಾರಣ ಕೆಳಗೇ ಹಾಜರಿ ಹಾಕುತ್ತಿದ್ದೇನೆ. ಬುಧವಾರ ಆಸ್ಪತ್ರೆಯಲ್ಲಿ ಆಕೆಯ ಗಾಯದ ಪಟ್ಟಿ ಬದಲಿಸುವುದಿದೆ. ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ.'

ಆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಶಿಫ್ಟ್ ಮಧ್ಯದಲ್ಲಿ ರಿಲೀವ್! ಕಾರ್ಖಾನೆಯಲ್ಲಿ ದುಡಿದವರನ್ನು ಯಾರನ್ನಾದರೂ ಕೇಳಿದರೆ ಹೇಳುತ್ತಾರೆ, ರಿಲೀವ್ ಮಾಡುವುದು ಅಂದರೆ ಮುಂದಿನ ಪಾಳಿಯವನು ಬಂದು ಮಿಷಿನ್ ವಹಿಸಿಕೊಳ್ಳುವುದು. ಭದ್ರಾವತಿಯಲ್ಲಿ ಅದು ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ನಮ್ಮ ಚಿಕ್ಕಪ್ಪ ಅಲ್ಲೇ ದುಡಿದವರು. ಶಿವಯೋಗಪ್ಪ ಕೇಳಿದ್ದು ಮೂರು ಗಂಟೆಗಳ ಬಿಡುಗಡೆ. ನಾನು ಅವರನ್ನು ಕೆಲಸದಿಂದಲೇ ಬಿಡುಗಡೆ ಮಾಡಿದ್ದೆ. ಅಯ್ಯೋ ದೇವರೇ, ಹೆಂಡತಿಯ ಕಾಲು ಸುಟ್ಟು ಆಕೆ ಒದ್ದಾಡುತ್ತಿದ್ದಾಗ ಐವತ್ತು ನಿಮಿಷ ಅವರನ್ನು ಕಾಯಿಸಿದ್ದೆ, ಅದೂ ಬೇಕಂತಲೇ.

ಮೇಲೆ ಹೋಗಿ ಯೋಗರಾಜ್ ಸಾಹೇಬರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು, "ತನುಜಾ, ರಿಲೀವ್ ಮಾಡಿ ಅಂತ ಅವ್ರೇ ಬರ್ದಿದ್ದಾರೆ, ನೀವು ಮಾಡಿದೀರಿ. ಆ ಸೀಟಿಗೆ ಸೋಮವಾರದಿಂದ ಬೇರೆಯವ್ರು ಬರ್ತಾರೆ. ಬಿಟ್ಬಿಡಿ" ಎಂದರು.

"ಅವ್ರು ಕೇಳಿದ್ದು ಶಿಫ್ಟ್ ಬಿಡಿಸಿ ಅಂತ ಸರ್!"

"ಪದ ಒಂದೇ ಅಲ್ವಾ?"

"ಹಾಗಾದ್ರೆ ನನ್ನನ್ನೂ ರಿಲೀವ್ ಮಾಡಿ ಸರ್" ಎಂದೆ. ಧ್ವನಿ ಏರಿತ್ತು, ಏರಲಿ ಎಂದು ಬಿಟ್ಟೆ. "ಯಾವ ಅರ್ಥದಲ್ಲಿ ಕೇಳ್ತಿದೀನಿ ಅಂತ ಈ ಸಲ ಸರಿಯಾಗಿ ಕೇಳಿಸ್ಕೊಳ್ಳಿ. ನಿಯತ್ತಿಲ್ಲ ನಿಯತ್ತಿಲ್ಲ ಅಂತ ಬೈತಿದ್ರಲ್ಲ, ಇಲ್ಲೊಬ್ರು ಬೀಗ ಹಾಕಿದ ಬಾಗಿಲಿಗೆ ಎಂಟು ದಿನ ಹಾಜರಿ ಹಾಕಿದಾರೆ!"

ಎಂಟು ದಿನವಾ ಎಂದು ಅವರು ಎರಡು ಸಲ ಕೇಳಿದರು. ಕೊನೆಗೆ, "ಸರಿ, ಪತ್ರ ರದ್ದು ಮಾಡ್ಸಿ" ಎಂದರು.

ಫೋನಿಟ್ಟ ಮೇಲೆ ಯಾಕೋ ಆ ಪ್ರಶ್ನೆಪಟ್ಟಿ ನೆನಪಾಯಿತು. ತೆಗೆದು ನೋಡಿದೆ. ಕಂಪನಿಯಲ್ಲಿ ಏನು ಬದಲಾಗಬೇಕು ಎಂಬ ಪ್ರಶ್ನೆಗೆ ಅವರು ಬರೆದಿದ್ದರು. 'ನಾಲ್ಕು ಗಂಟೆಗೆ ಯಾರಾದರೂ ಬಂದೆ ಅಂದರೆ ಸಾಕು.' ನನಗೆ ಅಳು ತಡೆಯಲಾಗಲಿಲ್ಲ.

ಅದೇ ಮಧ್ಯಾಹ್ನ ಭದ್ರಾವತಿ ಬಸ್ ಹತ್ತಿದೆ. ಜನ್ನಾಪುರದಲ್ಲಿ ವಿಳಾಸ ಹುಡುಕಿಕೊಂಡು ಹೋದರೆ, ಬಾಗಿಲಲ್ಲಿ ಎತ್ತರದ, ಅಗಲ ಭುಜದ ಮನುಷ್ಯ ನಿಂತಿದ್ದರು. ನಾನು ಯಾಕೋ ಸಣಕಲು ಆಸಾಮಿ ಎಂದುಕೊಂಡಿದ್ದೆ. ಹೆಸರು ಹೇಳಿದೊಡನೆ ಗಾಬರಿಯಾದರು.

"ಮೇಡಂ, ಇವತ್ತು ರಜೆ ಹಾಕಿದ್ದೆ. ಅರ್ಜಿ ಸಿಗ್ಲಿಲ್ವಾ? ಟ್ಯಾಗ್ ಕೂಡ ಹಾಕ್ಕೊಂಡಿಲ್ಲ, ಒಂದ್ನಿಮಿಷ ಇರಿ" ಎಂದು ಕೈ ಮೊಳೆಯ ಕಡೆ ಚಾಚಿದರು. ಗುರುತಿನ ಚೀಟಿ ಅಲ್ಲಿ ತೂಗುತ್ತಿತ್ತು. ಆ ಕೈಯನ್ನು ನೋಡಿದೆ. ಎರಡು ಬೆರಳಿಗೆ ತುದಿ ಇರಲಿಲ್ಲ. ಯಾವತ್ತೋ ಕಾಗದದ ಮಿಷಿನ್ ತಿಂದಿದ್ದು. ಈ ಕೈಯಲ್ಲಿ ಟೈಪ್ ಮಾಡುವವರಿಗೆ ನಾನು ಒಮ್ಮೆ, ಮೂವತ್ತೆರಡು ಜನರ ಎದುರು, 'ಸರ್, ಬಸವನಹುಳು ನಿಮಗಿಂತ ಬೇಗ ಟೈಪ್ ಮಾಡುತ್ತದೆ' ಎಂದು ಬರೆದಿದ್ದೆ. ಅವರು ಅದಕ್ಕೆ ನಗುವ ಮುಖ ಹಾಕಿದ್ದರು.

ಒಳಗೆ ಅವರ ಹೆಂಡತಿ ಜಗದಾಂಬಾ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಮೊಣಕಾಲವರೆಗೆ ಬಿಳಿ ಪಟ್ಟಿ. ಕಿಟಕಿ ಹತ್ತಿರ ಮೇಜು, ಕಂಪನಿ ಕಳಿಸಿದ ಕಂಪ್ಯೂಟರ್, ಒರೆಸಿ ಇಟ್ಟಿದ್ದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ರಿಲೀವ್ ಎನ್ನುವುದನ್ನು ರಾಜೀನಾಮೆ ಎಂದು ಓದಿದ್ದು, ಸಿಟ್ಟಿನಲ್ಲಿ ಕಾಯಿಸಿದ್ದು, ಗುಂಡಿ ಒತ್ತಿದ್ದು, ಪತ್ರ ಅವರು ಎಂದೂ ತೆರೆಯದ ಮೇಲ್‌ಗೆ ಹೋಗಿದ್ದು. ಈಗ ಎಲ್ಲ ರದ್ದಾಗಿದೆ, ನಾಳೆಯಿಂದ ಲಾಗಿನ್ ಆಗುತ್ತದೆ ಎಂದೂ ಹೇಳಿದೆ.

ಶಿವಯೋಗಪ್ಪನವರು ಕಂಪ್ಯೂಟರಿನ ಕಡೆ ತಿರುಗಿ ನೋಡಿದರು. ಮೇಜಿನ ಅಂಚು ಹಿಡಿದುಕೊಂಡರು.

"ನಂಗೆ ಕೆಲ್ಸಾನೇ ಇರ್ಲಿಲ್ವಾ ಮೇಡಂ? ಅಲ್ಲಿ ಮೆಟ್ಲ ಮೇಲೆ ಕೂತಿದ್ದಾಗ?"

"ಇರ್ಲಿಲ್ಲ ಸರ್" ಎಂದೆ.

"ಇರ್ಲಿ. ತಪ್ಪು ಎಲ್ರಿಗೂ ಆಗುತ್ತೆ" ಎಂದರು. ಆಮೇಲೆ ನೆಲ ನೋಡುತ್ತಾ, "ಮೂರು ವರ್ಷ ಇದ್ದವ್ನು ಒಂದಿನ ಮಧ್ಯಾಹ್ನ ಎದ್ದು ಹೋಗ್ತೀನಿ ಅಂದ್ರೆ, ಯಾಕೆ ಅಂತ ಒಂದು ಮಾತು ಕೇಳ್ಬೇಕು ಅಂತ್ಲೂ ಅನ್ನಿಸ್ಲಿಲ್ವಾ ಮೇಡಂ?"

ಜಗದಾಂಬಾ ಸುಮ್ಮನಿರುವ ಹೆಂಗಸಲ್ಲ. "ಏನ್ ಕೇಳ್ತೀರ ರೀ ಅವ್ರನ್ನ!" ಎಂದು ಗಂಡನ ಮೇಲೆ ಸಿಡಿದು ನನ್ನ ಕಡೆ ತಿರುಗಿದರು. "ನಾನಲ್ಲಿ ಉರಿ ತಡೀಲಾರ್ದೆ ಕೂಗ್ತಿದ್ರೆ ಇವ್ರಿಲ್ಲಿ ಐವತ್ತು ನಿಮಿಷ ಕುರ್ಚಿ ಬಿಟ್ಟು ಏಳ್ಲಿಲ್ಲ. ದಿನಾ ಇದೇ ಕಥೆ. ನಾಲ್ಕಕ್ಕೆ ಮುಗುದ್ರೂ, ಮುಂದಿನವ್ರ ಹಸಿರು ಚುಕ್ಕೆ ಬರೋ ತನಕ ಕಾಫಿ ಮುಟ್ಟಲ್ಲ. ಯಾರಿಗೋಸ್ಕರ? ಇವ್ರು ಇದಾರೋ ಸತ್ರೋ ಅಂತ ಕೇಳ್ದೇ ಇರೋರಿಗೋಸ್ಕರ!"

ಆ ಮಾತು ನನ್ನ ಮುಖಕ್ಕೆ ಹೊಡೆದ ಹಾಗಿತ್ತು. ಹೊಡೆದಿದ್ದೂ ಸರಿಯೇ.

ಮಾರನೇ ದಿನ ಎಂಟಕ್ಕೆ ಅವರ ಚುಕ್ಕೆ ಹಸಿರಾಯಿತು. ಆವತ್ತಿನಿಂದ ನಾಲ್ಕಕ್ಕೆ ನಾನೇ ತಪ್ಪದೆ 'ಬಂದೆ ಸರ್, ಹೊರಡಿ' ಎಂದು ಬರೆದೆ. ಅವರು 'ಧನ್ಯವಾದ ಮೇಡಂ' ಎಂದು ಬರೆಯುತ್ತಿದ್ದರು. ಎಲ್ಲ ಸರಿಹೋಯಿತು ಎಂದೇ ನಂಬಿದ್ದೆ. ಇಪ್ಪತ್ತೆಂಟನೇ ದಿನ ಒಂದು ಪತ್ರ ಬಂತು. ಮೇಲೆ ದಪ್ಪ ಅಕ್ಷರದಲ್ಲಿ, 'ರಾಜೀನಾಮೆ. ಇದು ಶಿಫ್ಟ್ ಬಿಡುಗಡೆಯ ಕೋರಿಕೆ ಅಲ್ಲ.' ಇನ್ನೊಂದು ತಿಂಗಳು ಕೆಲಸ ಮಾಡಿ ಬಿಡುವುದಾಗಿ ಬರೆದಿದ್ದರು.

ಈ ಸಲ ಒಂದು ಕ್ಷಣ ತಡ ಮಾಡದೆ ಫೋನ್ ಮಾಡಿದೆ. "ಯಾಕೆ? ಯಾಕೆ ಸರ್?"

ಅವರು ನಕ್ಕರು. "ಕೇಳಿದ್ರಲ್ಲ ಮೇಡಂ, ಸಂತೋಷ. ಇಲ್ಲೇ ಲಾರಿ ತೂಕ ಮಾಡೋ ಕಡೆ ಕೆಲ್ಸ ಸಿಕ್ಕಿದೆ. ಸಂಬಳ ಕಮ್ಮಿನೇ. ಆದ್ರೆ ಎರಡು ಗಂಟೆಗೆ ಇನ್ನೊಬ್ರು ಬರ್ತಾರೆ. ಬಂದು ಹೆಗಲ ಮೇಲೆ ಕೈ ಹಾಕಿ, ನಾನು ಬಂದೆ, ನೀವು ಹೊರಡಿ ಅಂತಾರೆ. ನಂಗೆ ಅಷ್ಟು ಸಾಕು."

"ನಾನೂ ದಿನಾ ಬರೀತಿದ್ದೀನಲ್ಲ ಸರ್!"

"ಬರೀತೀರಿ ಮೇಡಂ. ಆದ್ರೆ ನೀವು ಬಂದಿರಲ್ವಲ್ಲ."

ಹೇಗಾದರೂ ತಡೆಯಬೇಕು ಎಂದು ಏನೇನೋ ಹೇಳಿದೆ. ಸಂಬಳ ಹೆಚ್ಚಿಸುತ್ತೇನೆ ಅಂದೆ, ಪಾಳಿ ಬದಲಿಸುತ್ತೇನೆ ಅಂದೆ. ಅವರು ಎಲ್ಲಕ್ಕೂ ಮರ್ಯಾದೆಯಿಂದ ಬೇಡ ಅಂದರು.

ಅವರ ಕೊನೆಯ ದಿನ ಮೂರೂ ಮುಕ್ಕಾಲಿಗೆ ನಾನು ಜನ್ನಾಪುರದ ಆ ಮನೆಯಲ್ಲಿದ್ದೆ. ಜಗದಾಂಬಾ ಕುಂಟುತ್ತಾ ಬಂದು ಬಾಗಿಲು ತೆರೆದರು. ಶಿವಯೋಗಪ್ಪ ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಚೀಟಿ, ಎಂಟು ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ನಾಲ್ಕಕ್ಕೆ ಸಂದೇಶ ಹಾಕಿದರು. 'ಮೊದಲ ಶಿಫ್ಟ್ ಮುಗಿಯಿತು. ಬಾಕಿ ಹನ್ನೊಂದು ದೂರು.'

ನಾನು ಹಿಂದಿನಿಂದ ಹೋಗಿ ಅವರ ಹೆಗಲ ಮೇಲೆ ಕೈ ಇಟ್ಟೆ. "ನಾನು ಬಂದೆ. ನೀವು ಹೊರಡಿ."

ಅವರು ತಿರುಗಿ ನೋಡಲಿಲ್ಲ. ಎದ್ದು ಚೀಟಿ ಬಿಚ್ಚಿ ನನ್ನ ಕೈಯಲ್ಲಿಟ್ಟರು. ಮುಖ ತೊಳೆಯುತ್ತೇನೆಂದು ಹಿತ್ತಲಿಗೆ ಹೋಗಿ ತುಂಬಾ ಹೊತ್ತು ಬರಲಿಲ್ಲ.

ನಾನು ಅವರ ಕುರ್ಚಿಯಲ್ಲಿ ಕೂತು, ನನ್ನ ಹೆಸರಲ್ಲಿ ಲಾಗಿನ್ ಆಗಿ ಬಾಕಿ ದೂರು ತೆಗೆದೆ. ಜಗದಾಂಬಾ ಕಾಫಿ ತಂದಿಟ್ಟರು. ಎರಡನೇ ಪಾಳಿಯವರು ನಾಲ್ಕಕ್ಕೆ ಬರಬೇಕಿತ್ತು, ಪರದೆಯ ಮೇಲೆ ಅವರಲ್ಲಿ ಒಬ್ಬರ ಚುಕ್ಕೆಯೂ ಹಸಿರಾಗಿಲ್ಲ. 'ಯಾರು ತಗೊಳ್ಳುತ್ತೀರಿ?' ಎಂದು ಗುಂಪಿನಲ್ಲಿ ಹಾಕಿದೆ. ಹನ್ನೆರಡು ಜನ ಫೋನಿನಲ್ಲೇ ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಶಿವಯೋಗಪ್ಪ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದು ನೋಡಿದರು.

"ಸರ್, ನನಗೊಂದು ಸಲ ಅಂದ್ಬಿಡಿ ಸರ್, ಹೊರಡಿ ಅಂತ" ಎಂದೆ, ನಗಲು ನೋಡುತ್ತಾ.

"ನಾನೀಗ ಹೊರಗಿನೋನು ಮೇಡಂ" ಎಂದರು ಅವರು. "ನಾನು ಹೇಳೋ ಹಾಗಿಲ್ಲ."

ಮೊದಲ ಹಸಿರು ಚುಕ್ಕೆ ಬಂದಾಗ ಗಂಟೆ ನಾಲ್ಕೂ ಮುಕ್ಕಾಲು. ಅಲ್ಲಿಯವರೆಗೆ ನಾನು ಆ ಕುರ್ಚಿಯಿಂದ ಏಳಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ.